ನಿಚ್ಚಳ ಕಂಡವರು

ಕನ್ನಡಕ ಹಾಕಿದ ಡ್ರೈವರನ ಗಾಡಿಗೆ ಎಕ್ಕಂಬಿಯಲ್ಲಿ ಯಾರೂ ಹತ್ತುವುದಿಲ್ಲ ಎಂಬುದು ಟೆಂಪೋ ಓಡಿಸುವ ಶಂಕ್ರಪ್ಪನ ಗಟ್ಟಿ ನಂಬಿಕೆ. ಟೆಂಪೋ ನಿಂತರೆ ಅವನ ಹೊಟ್ಟೆಗೆ ತಣ್ಣೀರು ಬಟ್ಟೆಯೇ. ಹಾಗಾಗಿ ಕಣ್ಣು ಮಂಜಾದಾಗ ಡಾಕ್ಟರ ಬಳಿ ಹೋಗದೆ, ಪಕ್ಕದ ಮನೆಯ ಪರಿಮಳಾ ಮಾರುವ ನೇರಳೆ ಬಣ್ಣದ ಮಾತ್ರೆ ನುಂಗತೊಡಗಿದ.

"ಗಿಡದ್ದ ಐತಣ್ಣ, ಫ್ಲೇವನಾಯ್ಡ್ ಅಂತಾರ. ಹೂವು ಹಣ್ಣಿಗೆ ಬಣ್ಣ ಕೊಡೋದು ಇದ. ನಿನ್ನ ಕಣ್ಣು ಹದ್ದಿನ ಕಣ್ಣಾಗ್ತಾವು ನೋಡು" ಎಂದಿದ್ದಳು ಪರಿಮಳಾ.

ಇಪ್ಪತ್ತು ದಿನ ಏನೂ ಆಗಲಿಲ್ಲ. ಇಪ್ಪತ್ತೊಂದನೆಯ ಬೆಳಿಗ್ಗೆ, ಗಂಜಿಯಂಥ ಮಬ್ಬಿನ ನಡುವೆ, ಗೋಡೆಯ ಮೇಲಿನ ಹುಂಜವೊಂದು ಮಾತ್ರ ಪುಕ್ಕ ಪುಕ್ಕವೂ ಎಣಿಸುವಷ್ಟು ನಿಚ್ಚಳವಾಗಿ ಕಂಡಿತು. ಶಂಕ್ರಪ್ಪ ಕುಣಿದಾಡಿ ಓಣಿಗೆಲ್ಲ ಸಾರಿದ. ಸಾರಿ ಬರುವಷ್ಟರಲ್ಲಿ ನಾಯಿ ಹುಂಜವನ್ನು ಕಚ್ಚಿಕೊಂಡು ಹೋಗಿತ್ತು.

ಆಮೇಲೆ ನಿಚ್ಚಳ ಕಂಡವನು ಹಾಲು ಹಾಕಲು ಬಂದ ಪಕ್ಕದೂರಿನ ಮಡಿವಾಳಪ್ಪ. ಅಂಗಿಯ ಒಡೆದ ಗುಂಡಿಯೂ ಕಾಣುತ್ತಿತ್ತು. ಒಂದು ತಾಸಿನಲ್ಲಿ ಸುದ್ದಿ ಬಂತು: ಮಡಿವಾಳಪ್ಪ ಸೈಕಲ್ಲಿಳಿದು ಕೂತವನು ಏಳಲೇ ಇಲ್ಲ.

ಹುಂಜದ ಹಾಗೆ ಅವನೂ ನಿಚ್ಚಳ ಕಂಡಿದ್ದನೆಂದು ಶಂಕ್ರಪ್ಪ ಬಾಯಿಬಿಟ್ಟ. ಓಣಿಯ ಜನ ಅವನ ಬಾಗಿಲಲ್ಲಿ ಸಾಲು ನಿಂತರು.

"ನಾ ಹ್ಯಾಂಗ ಕಾಣ್ತೀನೋ?" ಎದುರುಮನೆಯ ಕಾಕಾ ಕೇಳಿದರು.

"ಮಬ್ಬು ಕಾಣ್ತೀರಿ ಕಾಕಾ."

"ಖರೇನ? ಹತ್ತಿರ ಬರ್ಲೇನು?"

"ಮೂಗು ಯಾವುದು, ಬಾಯಿ ಯಾವುದು, ಒಂದೂ ಗೊತ್ತಾಗವಲ್ದು."

ಕಾಕಾ ಅವನ ಕೈಗೆ ಎರಡು ಬಾಳೆಹಣ್ಣಿಟ್ಟರು. ದಿನಾ ಕನ್ನಡಿಯ ಮುಂದೆ ತಾಸುಗಟ್ಟಲೆ ಪೌಡರ್ ಬಳಿಯುವ ಮಮತಾ ಕೂಡ ಮಬ್ಬೆನ್ನಿಸಿಕೊಂಡು ಹಿಗ್ಗಿದಳು.

ಅಂದು ಮಧ್ಯಾಹ್ನ ಕುಮಟಾದಲ್ಲಿ ಮಾತ್ರೆ ಮಾರುವವರ ಸಭೆ. ಶಂಕ್ರಪ್ಪ ವೇದಿಕೆ ಹತ್ತಿ ತನ್ನ ಕಣ್ಣಿನ ಕತೆ ಹೇಳಲೇಬೇಕೆಂದು ಪರಿಮಳಾ ಹಟ ಹಿಡಿದಳು.

"ಇವತ್ತು ಗಾಡಿ ಬ್ಯಾಡ ತಂಗಿ. ನಂಗ್ಯಾಕೋ ಹೆದರಿಕಿ ಆಗ್ತೈತಿ."

"ಎಲ್ಲಾರೂ ಮಬ್ಬು ಅಂದಿಯಲ್ಲಣ್ಣ, ಮತ್ತ ಯಾರಿಗೇನಾಗ್ತೈತಿ?"

ಓಣಿಗೆ ಆ ಮಾತು ಹಿಡಿಸಿತು. ಕನ್ನಡಕದ ಡ್ರೈವರನಿಗೆ ಹೆದರುವ ಜನ, ತಮ್ಮ ಮೂಗೂ ಕಾಣದವನ ಟೆಂಪೋಗೆ ಸಭೆ ನೋಡಲು ನಗುತ್ತ ಹತ್ತಿದರು.

ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಶಂಕ್ರಪ್ಪ ಒಳಗನ್ನಡಿ ನೋಡಿದ. ಪರಿಮಳಾಳ ಮೂಗುತಿ ಕಂಡಿತು. ಕಾಕಾನ ಹಣೆಯ ಗೆರೆಗಳು, ಮಮತಾಳ ಗಲ್ಲದ ಪೌಡರ್, ಒಬ್ಬೊಬ್ಬರೂ ತೊಳೆದಿಟ್ಟ ಹಾಗೆ. ಕನ್ನಡಿಯ ಅಂಚಿನಲ್ಲಿ ಅವನದೇ ಮುಖ, ಹುಬ್ಬಿನ ನರೆಗೂದಲ ಸಮೇತ.

"ಈಗ ಹ್ಯಾಂಗ ಕಾಣ್ತೇವೋ?" ಕಾಕಾ ಹಿಂದಿನಿಂದ ಕೂಗಿದರು.

"ಮಬ್ಬ ರೀ" ಎಂದ ಶಂಕ್ರಪ್ಪ. ಅವನು ಗಡಬಡಿಸಿ ಕಣ್ಣನ್ನು ರಸ್ತೆಗೆ ತಿರುಗಿಸಿದ.

ಮುಂದಿನ ತಿರುವೊಂದು ಮಾತ್ರ ಮಬ್ಬಾಗಿಯೇ ಇತ್ತು.