ಮುದ್ದೇಬಿಹಾಳದ ಮೊದಲ ಟರ್ಬೊ

ಎಪ್ಪತ್ತಾರನೆಯ ಇಸವಿಯ ಒಂದು ಭಾನುವಾರ, ಮುಂಜಾನೆಯ ಚಹಾದ ಎರಡನೆಯ ಗುಟುಕಿಗೂ ಮೂರನೆಯ ಗುಟುಕಿಗೂ ನಡುವೆ ನಾನೊಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ಜರ್ಮನಿಯ ನಂತರ ಟರ್ಬೊ ಕಾರು ಓಡಿಸಿದ ಕೀರ್ತಿ ನೇರವಾಗಿ ಮುದ್ದೇಬಿಹಾಳಕ್ಕೇ ಬರಬೇಕು! ನಡುವೆ ಬೇರೆ ಯಾವ ದೇಶವೂ ತಲೆ ಹಾಕಕೂಡದು!

"ಶೇವಂತಿ, ನಮ್ಮ ಗಾಡಿಗೆ ಟರ್ಬೊ ತರಬೇಕಂತ ಮಾಡೇನಿ."

"ತರಬ್ಯಾಡ್ರಿ," ಎಂದಳು ಹೆಂಡತಿ ಶೇವಂತೆವ್ವ, ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತದೆ.

"ಅದು ಏನಂತನರ ಕೇಳು."

"ಏನರ ಇರಲಿ. ನೀವು ತರೂದಂದ್ರ ಬ್ಯಾಡ."

ನಾನು ಸಿದ್ದರಾಯ, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನನ್ನ ಕಾರು ಸ್ವಾತಂತ್ರ್ಯದ ಮರುವರ್ಷ ಹುಟ್ಟಿದ್ದು. ಇಂಡಿ ಊರಿನ ಮುದಿ ಡಾಕ್ಟರೊಬ್ಬರ ಬೇವಿನ ಮರದ ಕೆಳಗೆ ಆರು ವರ್ಷ ತಪಸ್ಸು ಮಾಡುತ್ತ ನಿಂತಿದ್ದನ್ನು, ಎರಡು ವರ್ಷದ ಹಿಂದೆ ಅವರು ಹೆಚ್ಚುಕಡಿಮೆ ಪುಕ್ಕಟೆ ಕೊಟ್ಟರು. ಯಾಕೆ ಕೊಟ್ಟರೆಂಬುದು ಅದೇ ದಿನ ತಿಳಿಯಿತು. ಇಂಡಿಯಿಂದ ಊರಿಗೆ ತರುವಾಗ ಸಿಂದಗಿ ದಾಟುವುದರೊಳಗೆ ನಮಗೆ ಎರಡು ಹೊತ್ತಿನ ಊಟವಾಯಿತು! ಅಷ್ಟು ನಿಧಾನ. ಎಂಜಿನ್ನು ಹುಲಿಯಂತೆ ಗರ್ಜಿಸುತ್ತಿತ್ತು, ಗಾಡಿ ಮಾತ್ರ ಬಸುರಿ ಎಮ್ಮೆಯಂತೆ ನಡೆಯುತ್ತಿತ್ತು.

ಎಂಜಿನ್ನಿಗೆ ಉಸಿರು ಸಾಲದು ಎಂದು ನಾನು ರೋಗ ಪತ್ತೆಹಚ್ಚಿದೆ. ಸಾಲೆಯ ಗ್ರಂಥಾಲಯಕ್ಕೆ ಯಾರೋ ದಾನ ಕೊಟ್ಟ ಇಂಗ್ಲಿಷ್ ಪತ್ರಿಕೆಯಲ್ಲಿ ಮದ್ದೂ ಸಿಕ್ಕಿತು: ಟರ್ಬೊ.

"ಎಂಜಿನ್ ಬಿಡೂ ಹೊಗಿ ಒಂದು ಚಕ್ರ ತಿರಗಸತೈತಿ. ಆ ಚಕ್ರ ಎಂಜಿನ್ನಿಗೇ ಗಾಳಿ ಊದತೈತಿ. ಗಾಳಿ ಹೆಚ್ಚಾದ್ರ ಶಕ್ತಿ ಹೆಚ್ಚು!" ಎಂದು ವಿವರಿಸಿದೆ.

"ಅಂದ್ರ ತನ್ನ ಹೊಗಿಯಿಂದ ತಾನ ಉಬ್ಬತೈತಿ. ಅಂಥಾದೊಂದು ಮನ್ಯಾಗ ಐತಲ್ರಿ, ಮತ್ತೊಂದು ಯಾಕ?"

ಅವಳ ಸಿಡಿಮಿಡಿಗೆ ಕಾರಣವಿತ್ತು. ಎಂಟು ದಿನ ಕಳೆದು ಬರುವ ಸೋಮವಾರ ಹನ್ನೊಂದಕ್ಕೆ ಸರಿಯಾಗಿ ಬಸವನ ಬಾಗೇವಾಡಿಯಲ್ಲಿ ಹೊಲಿಗೆ ಶಿಕ್ಷಕಿಯ ಹುದ್ದೆಗೆ ಅವಳ ಸಂದರ್ಶನ. ಕೆಲಸ ನಮ್ಮೂರಿನ ಹೆಣ್ಣುಮಕ್ಕಳ ಸಾಲೆಯಲ್ಲಿ, ಆರಿಸುವವರು ಮಾತ್ರ ಬಾಗೇವಾಡಿಯ ಸಂಸ್ಥೆಯವರು. ಬರುವ ವರ್ಷ ಅವಳ ವಯಸ್ಸು ಮೀರುತ್ತಿತ್ತು. ಇದೇ ಕೊನೆಯ ಅವಕಾಶ.

"ನಾ ಏಳರ ಬಸ್ಸಿಗೆ ಹೋಗ್ತೇನ್ರಿ."

"ಗಂಡನ ಕಡೆ ಟರ್ಬೊ ಇಟಗೊಂಡು ಬಸ್ಸಿಗೆ ನಿಂತ್ರ ಮಂದಿ ಏನಂದಾರು? ನಾ ಬಿಡ್ತೇನಿ. ಹತ್ತಕ್ಕ ಬಾಗೇವಾಡಿ, ನನ್ನ ಮಾತು!"

ನನ್ನ ಮಾತನ್ನು ಅವಳು ನಂಬಿದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಮಾಡಿದ ದೊಡ್ಡ ತಪ್ಪು ಅದೊಂದೇ.

ಗ್ಯಾರೇಜಿನ ಗುಡುಸಾಬನ ಬಳಿ ಟರ್ಬೊ ಒಂದು ಬಿದ್ದಿತ್ತು. ಆಲಮಟ್ಟಿ ಕಟ್ಟೆಯ ಕೆಲಸದಲ್ಲಿ ಮಣ್ಣು ಎತ್ತಿ ಎತ್ತಿ ಗುಜರಿ ಸೇರಿದ ಯಾವುದೋ ರಾಕ್ಷಸ ಯಂತ್ರದ್ದು. ದೊಡ್ಡ ಕುಂಬಳಕಾಯಿಯಷ್ಟಿತ್ತು. ಮಾಸ್ತರ ಸಂಬಳದಲ್ಲಿ ಅದರ ತೂಕದ ಕಬ್ಬಿಣವನ್ನೂ ಕೊಳ್ಳುವಂತಿರಲಿಲ್ಲ. ನನ್ನ ಸೈಕಲ್ಲನ್ನು ಕೊಟ್ಟು ಅದನ್ನು ಪಡೆದೆ.

"ಸರ, ಇದು ಆನಿ ಸೊಂಡಿ. ನಿಮ್ಮ ಎಂಜಿನ್ ಇಲಿಮರಿ. ಊದಾಕ ಆಗಂಗಿಲ್ರಿ," ಎಂದ ಗುಡುಸಾಬ. "ಮೊದಲ ಗಾಡಿ ಪೂರಾ ಬಿಚ್ಚಿ ನೋಡೂಣು."

"ಬಿಚ್ಚೂದು ಬ್ಯಾಡ, ಕೂಡಸು! ವಿಜ್ಞಾನ ನನಗ ಬಿಡು."

ಅವನು ನಿಟ್ಟುಸಿರು ಬಿಟ್ಟು ಸ್ಪ್ಯಾನರ್ ಹಿಡಿದ. ಗಾಳಿಯ ಕೊಳವೆ ಬೇಕಾಯಿತು. ನಮ್ಮ ಬಚ್ಚಲಲ್ಲಿ ನೀರು ಕಾಸುವ ಬಂಬಿನ ಹೊಗೆಕೊಳವೆಯನ್ನೇ ಕಿತ್ತು ತಂದೆ. ಕೀಲುಗಳಿಗೆ ಸೈಕಲ್ ಟ್ಯೂಬು ಸುತ್ತಿದೆವು. ಬಾನೆಟ್ಟು ಮುಚ್ಚಲಿಲ್ಲ, ಬಟ್ಟೆ ಒಣಹಾಕುವ ಹಗ್ಗದಿಂದ ಬಿಗಿದೆವು. ವಾರವಿಡೀ ಶೇವಂತೆವ್ವ ಬಚ್ಚಲಿನ ಹೊಗೆಯಲ್ಲಿ ಕೆಮ್ಮುತ್ತ ನೀರು ಕಾಸಿದಳು. ವಿಜ್ಞಾನಕ್ಕಾಗಿ ಇಂಥ ತ್ಯಾಗ ಮಾಡಿದವರ ಹೆಸರು ಇತಿಹಾಸದಲ್ಲಿ ಬರುವುದೇ ಇಲ್ಲ!

ಸೋಮವಾರ ಬೆಳಗಿನ ಏಳಕ್ಕೆ ಹೊರಟೆವು. ಅವಳ ಮಡಿಲಲ್ಲಿ ಪ್ರಮಾಣಪತ್ರಗಳು ಮತ್ತು ಕಸೂತಿಯ ನಮೂನೆಗಳ ಬಿಳಿ ಗಂಟು. ನಾನು ಆಕ್ಸಿಲರೇಟರ್ ಒತ್ತಿದೆ. ಎಂಜಿನ್ನು ಗೊರ್ ಎಂದಿತು, ಟರ್ಬೊ ಗುಂಯ್ ಎಂದಿತು, ಹಿಂದೆ ಕರಿ ಹೊಗೆ ಎದ್ದಿತು. ಗಾಡಿ ಮೊದಲಿಗಿಂತಲೂ ನಿಧಾನವಾಗಿ ಹೊರಟಿತು! ಹತ್ತು ಆಳು ಊದಬೇಕಾದ ಕಹಳೆಯನ್ನು ತೊಟ್ಟಿಲ ಕೂಸಿನ ಬಾಯಿಗೆ ಇಟ್ಟಂತಾಗಿತ್ತು.

ಊರ ಹೊರಗೆ ಸೈಕಲ್ಲೊಂದು ಪಕ್ಕಕ್ಕೆ ಬಂತು. ನನ್ನದೇ ಸೈಕಲ್ಲು. ಮೇಲೆ ಗುಡುಸಾಬ.

"ಸರ, ಮುಂದ ಯಾರಿಗರ ಏನರ ಹೇಳೂದೈತೇನ್ರಿ? ನಾ ಲಗೂನ ಹೊಂಟೇನಿ."

ಶೇವಂತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ, ಹೊಗೆಗೋ, ನಾನು ವಿಚಾರಿಸಲಿಲ್ಲ.

ನಿಡಗುಂದಿ ದಾಟುವಾಗ ಒಂಬತ್ತೂವರೆ. ಮುಂದಿನ ಏರಿನಲ್ಲಿ ನಾನು ಕಾಲನ್ನು ತಳದವರೆಗೆ ಒತ್ತಿದೆ. "ಈಗ ನೋಡು, ಟರ್ಬೊ ಏಳತೈತಿ!" ಎಂದೆ. ಎದ್ದಿತು! ಢಂ ಎಂದು ಟ್ಯೂಬು ಹರಿದು, ಬಂಬಿನ ಕೊಳವೆ ಹಗ್ಗ ಕಡಿದುಕೊಂಡು ಆಕಾಶಕ್ಕೆ ಎದ್ದು, ಪಕ್ಕದ ಜೋಳದ ಹೊಲದಲ್ಲಿ ಇಳಿಯಿತು. ಗಾಡಿ ನಿಂತಿತು. ನನ್ನ ಮುಖದ ಮೇಲೆ ಎರಡು ಕಣ್ಣು ಬಿಟ್ಟರೆ ಉಳಿದದ್ದೆಲ್ಲ ಮಸಿ.

ಹೊಲದಿಂದ ರೈತನೊಬ್ಬ ಕೊಳವೆಯನ್ನು ಹೆಗಲ ಮೇಲೆ ಹೊತ್ತು ಬಂದ. ಹೆಸರು ಬೀರಣ್ಣ.

"ತೋಪು ನಿಮ್ಮದೇನ್ರಿ?"

ಶೇವಂತೆವ್ವ ಗಡಿಯಾರ ನೋಡಿದಳು. ಬೈಯಲಿಲ್ಲ. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಗಂಟನ್ನು ಎದೆಗೆ ಒತ್ತಿಕೊಂಡು ಖಾಲಿ ರಸ್ತೆಯನ್ನೇ ನೋಡುತ್ತ, "ಮುಂದಿನ ಬಸ್ಸು ಹನ್ನೆರಡಕ್ಕ," ಎಂದಳು, ಅಷ್ಟೇ. ಆಗ ಮೊದಲ ಬಾರಿಗೆ ನನಗೆ ಜರ್ಮನಿಯ ಮೇಲೆ ಸಿಟ್ಟು ಬಂತು.

"ಯಣ್ಣಾ, ಎತ್ತು ಕಟ್ಟಿ ಏರ ಮ್ಯಾಲಿನ ತನಕ ಎಳದು ಕೊಡ್ತೀಯೇನು?" ಎಂದು ಬೀರಣ್ಣನಿಗೆ ಕೈ ಮುಗಿದೆ.

ಅವನು ಎತ್ತು ಕಟ್ಟಿದ. ಎತ್ತುಗಳು ಜಗ್ಗಿದವು, ಮೊಣಕಾಲೂರಿದವು. ಗಾಡಿ ಒಂದು ಮಾರು ಜರುಗಿ ನಿಂತಿತು. ಬೀರಣ್ಣ ಎತ್ತಿನ ಮುಖ ನೋಡಿದ, ರಸ್ತೆ ನೋಡಿದ, ಹಿಂದೆ ಬಂದು ಕುಕ್ಕರಗಾಲಲ್ಲಿ ಕೂತ. ಎಡಗಡೆಯ ಗಾಲಿಗೆ ಉಗುಳಿದ. ಚುಂಯ್ ಎಂದಿತು!

"ಸಾಹೇಬ್ರ, ಈ ಗಾಲಿ ತಿರಗವಲ್ದು. ಬಿರಿಕು ಕಚ್ಚಿ ಕುಂತೈತಿ. ಎಷ್ಟು ದಿನಾ ಆತು?"

"ಎರಡು ವರ್ಷ," ಎಂದಳು ಶೇವಂತೆವ್ವ, ನನಗಿಂತ ಮೊದಲು.

ಅಂದರೆ ಇಂಡಿಯಿಂದ ಇಲ್ಲಿಯವರೆಗೆ ನಾನು ಬ್ರೇಕು ಹಾಕಿಕೊಂಡೇ ಕಾರು ಓಡಿಸಿದ್ದೆ! ಎಂಜಿನ್ನು ಪಾಪ, ಹುಲಿಯೇ ಆಗಿತ್ತು. ಅದರ ಬಾಲವನ್ನು ನಾನೇ ಹಿಡಿದಿದ್ದೆ.

ಬೀರಣ್ಣ ಗಾಲಿಯ ಮೇಲೆ ಕಲ್ಲಿನಿಂದ ನಾಲ್ಕು ಏಟು ಹಾಕಿ, ಬ್ರೇಕಿನ ಸರಳು ಕಳಚಿದ. ಶೇವಂತೆವ್ವ ಗಂಟನ್ನು ಒಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಸ್ಪ್ಯಾನರ್ ತೆಗೆದುಕೊಂಡಳು. ಅರ್ಧ ಗಂಟೆಯಲ್ಲಿ ನಾವಿಬ್ಬರೂ ಟರ್ಬೊ ಬಿಚ್ಚಿ ತೆಗೆದೆವು. ಕೀಲಿ ತಿರುಗಿಸಿದೆ.

ಅಬ್ಬಾ! ಗಾಡಿ ಏರನ್ನು ನೆಕ್ಕಿಕೊಂಡೇ ಹೋಯಿತು! ಮರಗಳು ಹಿಂದೆ ಓಡಿದವು, ಮನಗೂಳಿಯ ಜಾತ್ರೆಗೆ ಹೊರಟ ಟ್ರ್ಯಾಕ್ಟರೊಂದು ಹಿಂದೆ ಬಿತ್ತು! ನಾನು ಮೈಮರೆತು ಕೂಗಿದೆ: "ನೋಡಿದ್ಯಾ ಶೇವಂತಿ, ಟರ್ಬೊ ಅಂದ್ರ ಹಿಂಗ!"

"ಟರ್ಬೊ ಡಿಕ್ಕ್ಯಾಗ ಐತ್ರಿ," ಎಂದಳು.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಬಾಗೇವಾಡಿಯ ಸಂಸ್ಥೆಯ ಗೇಟು ಕಂಡಿತು. ಇದ್ದ ಒಂದಿಷ್ಟು ಬ್ರೇಕು ಸಾಲದೆ, ಅಂಗಳದಲ್ಲಿ ರಾಶಿ ಹಾಕಿದ್ದ ಉಸುಕಿಗೆ ಮೂಗು ತುರುಕಿ ಗಾಡಿ ನಿಂತಿತು. ಶೇವಂತೆವ್ವ ಇಳಿದು ಓಡಿದಳು. ಗಂಟು ಬೆಳ್ಳಗಿತ್ತು, ಕೈಗಳು ಮಾತ್ರ ಮೊಣಕೈವರೆಗೆ ಕರಿ ಎಣ್ಣೆ.

ಒಳಗಿಂದ ನಗು ಕೇಳಿಸತೊಡಗಿತು. ಮೊದಲು ಒಬ್ಬರದು, ಆಮೇಲೆ ಎಲ್ಲರದು. ಕೆಲಸ ಹೋಯಿತೆಂದುಕೊಂಡೆ. ಅರ್ಧ ಗಂಟೆಯ ಮೇಲೆ ಅಧ್ಯಕ್ಷ ರಾವಸಾಬರು ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದರು, ಹಿಂದೆ ಶೇವಂತೆವ್ವ.

"ನಿಮ್ಮ ಮನಿಯವರನ್ನ ತಗೊಂಡೇವ್ರಿ. ಕೈ ಯಾಕ ಹಿಂಗ ಅಂತ ಕೇಳಿದ್ವಿ, ಎಲ್ಲಾ ಹೇಳಿದ್ರು. ಕಸೂತಿನೂ ಚಲೋ ಐತಿ, ಧೈರ್ಯನೂ ಚಲೋ ಐತಿ." ನನ್ನ ಮಸಿ ಮುಖವನ್ನು ಮೇಲಿಂದ ಕೆಳಗೆ ನೋಡಿದರು. "ನೀವು ವಿಜ್ಞಾನ ಕಲಸ್ತೀರಂತ. ಈಗ ಯಾವ ಪಾಠ ನಡದೈತ್ರಿ?"

ಸುಳ್ಳು ಹೇಳೋಣವೆಂದರೆ ಪಕ್ಕದಲ್ಲಿ ಹೆಂಡತಿ.

"ಘರ್ಷಣೆ," ಎಂದೆ ನೆಲ ನೋಡುತ್ತ.

ರಾವಸಾಬರು ಗಂಭೀರವಾಗಿ ತಲೆಯಾಡಿಸಿದರು.

"ಹೌದೇನ್ರಿ? ಹಂಗಾರ ಆ ಬೀರಣ್ಣಗ ಕಲಿಸಿದ ಮಾಸ್ತರ ಯಾರಂತ ಸ್ವಲ್ಪ ಕೇಳಿ ಬರ್ರಿ, ನಮ್ಮಲ್ಲಿ ಒಂದು ಜಾಗಾ ಖಾಲಿ ಐತಿ!"