ಜೀವವಿದ್ದ ಸೊಲೆನಾಯ್ಡಿನ ಮರಣೋತ್ತರ ಪರೀಕ್ಷೆ

ಕಾರಿನ ಬಗ್ಗೆ ನನಗೆ ಎಲ್ಲ ಗೊತ್ತಿದೆ ಎಂದು ನಾನು ಯಾವತ್ತೂ ಹೇಳಿಕೊಂಡವನಲ್ಲ. ಬೇರೆಯವರು ಹಾಗೆ ತಿಳಿದುಕೊಂಡರೆ ತಡೆಯಲಿಲ್ಲ, ಅಷ್ಟೇ. ಒಮಾನಿನಲ್ಲಿ, ಅಲ್ ಖೌದ್‌ನ ನಮ್ಮ ಫ್ಲಾಟಿನ ಕೆಳಗೆ ನಿಲ್ಲುವ ಕಾರಿನ ಹೊರಮೈ ಒಂದು ಕಂಪೆನಿಯದು, ಒಳಗಿನ ಇಂಜಿನ್ ಇನ್ನೊಂದು ಕಂಪೆನಿಯದು. ಹಿಂದಿನ ಮಾಲೀಕ ಯಾವುದೋ ಹುಮ್ಮಸ್ಸಿನಲ್ಲಿ ದೊಡ್ಡ ಇಂಜಿನ್ ಕೂರಿಸಿ, ಹುಮ್ಮಸ್ಸು ಇಳಿದ ಮೇಲೆ ನನಗೆ ಮಾರಿದ್ದ.

ಆ ಕಾರು ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಚಳಿಜ್ವರ ಬಂದಂತೆ ನಡುಗತೊಡಗಿತು. ಅದೂ ನನ್ನ ಹೆಂಡತಿ ಜೆಸಿಂತಾಳ ಇಂಟರ್‌ವ್ಯೂ ಇರುವ ವಾರವೇ. ಅವಳು ನರ್ಸ್. ಸಣ್ಣ ಕ್ಲಿನಿಕ್ಕಿನಲ್ಲಿ ಏಳು ವರ್ಷ ದುಡಿದು, ಖುರುಮ್‌ನ ದೊಡ್ಡ ಆಸ್ಪತ್ರೆಯೊಂದಕ್ಕೆ ಮೂರು ಸಲ ಅರ್ಜಿ ಹಾಕಿದ ಮೇಲೆ ಕೊನೆಗೂ ಕರೆ ಬಂದಿತ್ತು. ಭಾನುವಾರ ಬೆಳಿಗ್ಗೆ ಎಂಟಕ್ಕೆ.

"ನಾನು ಟ್ಯಾಕ್ಸಿಗೆ ಹೇಳ್ತೇನೆ" ಎಂದಳು.

"ಎಂತಕ್ಕೆ? ಕಾರು ಉಂಟು, ನಾನೂ ಇದ್ದೇನೆ."

"ಅದೇ ಹೆದರಿಕೆ" ಎಂದಳು.

ಕಾರನ್ನು ಸಲೀಂ ಎಂಬ ಒಮಾನಿ ಮೆಕ್ಯಾನಿಕ್‌ನ ಗ್ಯಾರೇಜಿನಲ್ಲಿ ಬಿಟ್ಟೆ. ಮಾತು ಕಡಿಮೆ, ಆಡಿದ್ದರಲ್ಲಿ ಅರ್ಧ ಹಿಂದಿ, ಅರ್ಧ ಅರಬ್ಬಿ. ಆತ ಇಂಜಿನ್ನಿನ ನೆತ್ತಿಯ ಮೇಲಿದ್ದ ಹೆಬ್ಬೆರಳು ಗಾತ್ರದ ವಸ್ತುವನ್ನು ತೋರಿಸಿ, ತೊಂದರೆ ಇಲ್ಲೇ ಎಂಬಂತೆ "ಸೊಲೆನಾಯ್ಡ್" ಎಂದ. ನನ್ನ ಕುತೂಹಲ ಕೆರಳಿತು. ಎರಡು ದಿನ ಆಫೀಸಿನಲ್ಲಿ ಕುಳಿತು ಅದನ್ನೇ ಓದಿದೆ. ವಾಲ್ವುಗಳು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಅದು ಎಣ್ಣೆಯನ್ನು ಅತ್ತ ಇತ್ತ ಹರಿಸಿ ನಿರ್ಧರಿಸುತ್ತದಂತೆ. ಇಷ್ಟು ಸಣ್ಣ ವಸ್ತುವಿಗೆ ಎಷ್ಟು ದೊಡ್ಡ ಜವಾಬ್ದಾರಿ! ನನಗೆ ಅದರ ಮೇಲೆ ಗೌರವ ಹುಟ್ಟಿತು.

ಗುರುವಾರ ಸಂಜೆ ಹೋದಾಗ ಸಲೀಂ ಕೆನ್ನೆಗೆ ಕೈ ಕೊಟ್ಟು, ಮುಖ ಬಾಡಿಸಿಕೊಂಡು ಕೂತಿದ್ದ. ನನ್ನನ್ನು ನೋಡಿ ಎರಡೇ ಶಬ್ದ ಹೇಳಿದ. "ಸೊಲೆನಾಯ್ಡ್ ಖಲಾಸ್."

ಊರಿನಲ್ಲಿ ನಾವು ಖಲಾಸ್ ಎಂದರೆ ಸತ್ತಿತು, ಕಥೆ ಮುಗಿಯಿತು ಎಂದೇ ಅರ್ಥ. ನಾನು ಅವನ ಭುಜ ತಟ್ಟಿ ಸಮಾಧಾನ ಹೇಳಿ, ಕೀಲಿ ತೆಗೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಕಾರು ಒಂದು ಸಲವೂ ನಡುಗಲಿಲ್ಲ. ಕೊನೆಗಾಲದಲ್ಲಿ ಕೆಲವರು ಹೀಗೆಯೇ ಎದ್ದು ಕೂತು ಗಂಜಿ ಕೇಳುತ್ತಾರೆ ಎಂದುಕೊಂಡು ಕಣ್ಣು ಒದ್ದೆ ಮಾಡಿಕೊಂಡೆ.

ಶುಕ್ರವಾರ ಪಕ್ಕದ ಫ್ಲಾಟಿನ ಹಿರಿಯರಾದ ಹಮೀದಾಕ ಬಟ್ಟೆ ವ್ಯಾಪಾರಕ್ಕೆಂದು ಗಡಿಯೂರು ಬುರೈಮಿಗೆ ಹೊರಟಿದ್ದರು. ಅಲ್ಲಿ ಹಳೆಯ ಬಿಡಿಭಾಗಗಳ ಅಂಗಡಿಗಳಿವೆ ಎಂದು ಕೇಳಿ ಅವರ ಪಿಕಪ್ ಹತ್ತಿದೆ.

"ಗ್ಯಾರೇಜಿನವನ ಹತ್ರ ಒಂದು ಸಲ ಸರಿಯಾಗಿ ಕೇಳಬೇಕಿತ್ತು ಮಾರಾಯ್ರೆ" ಎಂದರು ಅವರು.

"ಕೇಳುವುದೆಂತ ಹಮೀದಾಕ? ಅವನ ಮುಖ ನೋಡಿದ್ದರೆ ನೀವೂ ಕೇಳ್ತಿರಲಿಲ್ಲ."

ಬುರೈಮಿಯ ಅಂಗಡಿಯವನು ಯಾವ ಇಂಜಿನ್ ಎಂದು ಕೇಳಿದ. ನಾನು ಕಾರಿನ ಇಡೀ ವಂಶಚರಿತ್ರೆ ಹೇಳಿದೆ. ಅವನಿಗೆ ಸುಸ್ತಾಗಿ, ಸೊಲೆನಾಯ್ಡುಗಳ ಡಬ್ಬಿಯನ್ನೇ ನನ್ನ ಮುಂದೆ ಸುರಿದ. ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಹಳೆಯದರ ಫೋಟೋಕ್ಕೆ ಹೋಲುವ, ನೋಡಲು ಲಕ್ಷಣವಾದ ಒಂದನ್ನು ಆರಿಸಿಕೊಂಡೆ. ಹುಡುಗಿ ನೋಡಲು ಹೋದವರೂ ಅಷ್ಟು ಹೊತ್ತು ನೋಡಿರಲಾರರು.

ಶನಿವಾರ ಹಳೆಯದನ್ನು ಬಿಚ್ಚಿ, ನಿಜವಾಗಿ ಸತ್ತಿದೆಯೇ ಎಂದು ನೋಡಲು ವೈರ್ ಜೋಡಿಸಿ, ಬ್ಯಾಟರಿಗೆ ಮತ್ತೆ ಮತ್ತೆ ಮುಟ್ಟಿಸಿದೆ. ಜೆಸಿಂತಾ ಬಾಯಲ್ಲಿ ಇಂಟರ್‌ವ್ಯೂ ಪಾಠ ಒಪ್ಪಿಸುತ್ತಲೇ ಅದರ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದಳು.

"ಟಿಕ್ ಟಿಕ್ ಅಂತ ಉಂಟಲ್ಲ. ಜೀವ ಉಂಟು ಇದಕ್ಕೆ."

"ಅದು ಬರೀ ನರಗಳ ಚಲನೆ" ಎಂದೆ, ನರ್ಸಿನ ಎದುರು.

ಹಾಗಾದರೆ ಸತ್ತದ್ದು ಯಾವ ಕಾಯಿಲೆಯಿಂದ? ಈ ಪ್ರಶ್ನೆ ನನ್ನನ್ನು ಕೂರಲು ಬಿಡಲಿಲ್ಲ. ಗರಗಸ ತಂದು ಹಳೆಯದನ್ನು ಉದ್ದಕ್ಕೆ ಸೀಳಿದೆ. ಒಳಗೆ ಎಲ್ಲವೂ ಫಳಫಳ ಹೊಳೆಯುತ್ತಿತ್ತು. ಸಾವಿನ ಕಾರಣ ತಿಳಿದುಬಂದಿಲ್ಲವೆಂದು ಘೋಷಿಸಿ, ಬುರೈಮಿಯದನ್ನು ಜೋಡಿಸಿದೆ. ಇಂಜಿನ್ ಶುರುವಾಯಿತು. ನಡುಕವೂ ಶುರುವಾಯಿತು. ಹೊಸ ಜಾಗ, ಹೊಂದಿಕೊಳ್ಳಲಿ ಎಂದು ಬಿಟ್ಟೆ.

ಭಾನುವಾರ ಏಳು ಗಂಟೆಗೆ ಹೊರಟೆವು. ಅರ್ಧ ದಾರಿಯಲ್ಲಿ, ಹೆದ್ದಾರಿಯ ಅಂಚಿನಲ್ಲಿ, ಕಾರು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಜೆಸಿಂತಾ ಸರ್ಟಿಫಿಕೇಟುಗಳ ಫೈಲನ್ನು ಎದೆಗೆ ಒತ್ತಿಕೊಂಡಳು. ನಾನು ಸಲೀಂಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ನಡೆದದ್ದೆಲ್ಲ ಹೇಳಿದೆ.

"ತುಮ್ ಕ್ಯೋಂ ಖೋಲಾ?" ಯಾಕೆ ಬಿಚ್ಚಿದೆ ಎಂದು ಅವನು ಕಿರುಚಿದ. "ಮೈ ಬೋಲಾ ಖಲಾಸ್! ಕ್ಲೀನ್ ಕಿಯಾ, ಫಿಟ್ ಕಿಯಾ, ಕಾಮ್ ಖಲಾಸ್!"

ಅಂದರೆ, ತೊಳೆದು ಕೂರಿಸಿ ಕೆಲಸ ಮುಗಿಯಿತು ಎಂದಿದ್ದ. ರಿಪೇರಿ ಆಗಿತ್ತು.

"ಮತ್ತೆ ಆ ದಿನ ನಿನ್ನ ಮುಖ ಯಾಕೆ ಹಾಗಿತ್ತು?" ಎಂದು ಹಿಂದಿಯಲ್ಲಿ ಕೇಳಿದೆ.

"ದಾಂತ್ ಮೇ ದರ್ದ್" ಎಂದ.

ಜೆಸಿಂತಾ ನನ್ನನ್ನು ಒಂದು ಕ್ಷಣ ನೋಡಿದಳು. ಹಲ್ಲುನೋವಿಗೂ ಸಾವಿಗೂ ವ್ಯತ್ಯಾಸ ತಿಳಿಯದ ಗಂಡನನ್ನು ಹೇಗೆ ನೋಡಬೇಕೋ ಹಾಗೆ. ಆಮೇಲೆ ಕೆಳಗಿಳಿದು, ಕೈಯೆತ್ತಿ ಟ್ಯಾಕ್ಸಿ ನಿಲ್ಲಿಸಿ ಹೋದಳು.

ಹನ್ನೊಂದಕ್ಕೆ ಅವಳ ಫೋನ್ ಬಂತು. "ಸಿಕ್ಕಿತು" ಎಂದಳು. ದನಿಯಲ್ಲಿ ಅಳುವೂ ಇತ್ತು, ನಗುವೂ ಇತ್ತು.

"ಎಂತ ಕೇಳಿದ್ರು?"

"ಇಲ್ಲಿ ಹತ್ತು ಭಾಷೆಯ ರೋಗಿಗಳು ಬರ್ತಾರೆ, ನೀವು ಹೇಳಿದ್ದು ಅವರಿಗೆ ಸರಿಯಾಗಿ ಅರ್ಥ ಆಗಿದೆಯಾ ಅಂತ ಯಾಕೆ ಪುನಃ ಕೇಳಬೇಕು ಅಂತ. ನಾನು ಒಬ್ಬರ ಕಥೆ ಹೇಳಿದೆ. ಎಲ್ಲರೂ ತುಂಬಾ ಹೊತ್ತು ನಗಾಡಿದ್ರು."

"ನನ್ನ ಹೆಸರು ಹೇಳಿದ್ದಾ?"

"ಇಲ್ಲಪ್ಪ. ಒಬ್ಬ ಪೇಷಂಟ್ ಅಂದೆ, ಅಷ್ಟೇ. ಆ ಪೇಷಂಟ್ ಈಗ ಹೇಗಿದ್ದಾರೆ ಅಂತ ದೊಡ್ಡ ಡಾಕ್ಟರು ಕೇಳಿದ್ರು."

"ನೀನೆಂತ ಹೇಳಿದಿ?"

"ರಸ್ತೆ ಬದಿಯಲ್ಲಿ ಬಿಸಿಲಿಗೆ ನಿಂತಿದ್ದಾರೆ ಅಂದೆ."