ಕೋತಿಯ ಖುಲಾಸಾ

ಮಾತು ಬೆಳೆಸುವುದಕ್ಕೆ ಯಾವ ಶಾಲೆಯೂ ಬೇಡ. ಅದು ತಾನಾಗಿ ಬೆಳೆಯುತ್ತದೆ. ಅದನ್ನು ಗಿಡ್ಡ ಮಾಡುವುದೇ ಕಷ್ಟ. ನಿಜಾಮರ ಕಾಲದಲ್ಲಿ ನಾನು ಕೊಪ್ಪಳದ ವಕೀಲರೊಬ್ಬರ ಗುಮಾಸ್ತನಾಗಿದ್ದೆ. ಒಂದು ಮಾತಿನಲ್ಲಿ ಮುಗಿಯುವುದನ್ನು ವಕೀಲರು ಕೋರ್ಟಿನಲ್ಲಿ ಒಂದು ಗಂಟೆ ಹೇಳುವರು. ನಾನು ಅದನ್ನೇ ಮನೆಗೆ ಬಂದು ಎರಡು ಗಂಟೆ ಹೇಳುವೆ. ಕುಷ್ಟಗಿಯ ಎಮ್ಮೆ ಕಳವಿನ ಮೊಕದ್ದಮೆಗೆ ಬಾಯಿ ಹಾಕಿದೆನೆಂದರೆ, ಎಮ್ಮೆಯ ಹಿಂದಿನ ಒಡೆಯನ ಬೀಗರು ಯಾರೆಂಬುದನ್ನೂ ಬಿಡುತ್ತಿರಲಿಲ್ಲ. ಇಂಥವನ ಪಾಲಿಗೆ, ಕಥೆಯನ್ನು ಚಿಕ್ಕದಾಗಿ ಹೇಳುವುದನ್ನು ಮಗಳಿಗೆ ಕಲಿಸುವ ಕೆಲಸ ಬಂತು.

ಮಗಳು ನೀಲಾ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೆಯ ಇಯತ್ತೆ. ಒಂದು ಸಂಜೆ ಬಂದು, "ಅಪ್ಪಾ, ಸೋಮವಾರ ತಪಾಸಣಿ ಸಾಹೇಬ್ರು ಬರ್ತಾರಂತ. ಬೆಲ್ಲ ಕದ್ದ ಕೋತಿ ಕಥೀದು ಖುಲಾಸಾ ಹೇಳಬೇಕಂತ. ಹೇಳದಿದ್ರ ನಾಪಾಸಂತ" ಅಂದಳು. ನನ್ನ ಅವ್ವ ಇಂಥದ್ದಕ್ಕೇ ಕಾಯುತ್ತಿದ್ದಳು. "ನಾಪಾಸಾದ್ರ ಛಲೋನ ಆತು. ಸಾಲಿ ಬಿಡಸಿ ಮನಿ ಕೆಲಸಕ್ಕ ಹಚ್ಚೂಣು" ಎಂದು ಒಳಗಿಂದಲೇ ತೀರ್ಪು ಕೊಟ್ಟಳು. ಹುಡುಗಿಯ ಮುಖ ಸಪ್ಪಗಾಯಿತು. ಅವಳಿಗೆ ಓದೆಂದರೆ ಪ್ರಾಣ. ಪುಸ್ತಕ ಸಿಗದಿದ್ದರೆ ಕಿರಾಣಿ ಸಾಮಾನು ಕಟ್ಟಿದ ಕಾಗದ ಬಿಡಿಸಿ ಓದುವಳು. ಏನೇ ಆಗಲಿ, ಕಲಿಸಿಯೇ ತೀರುವೆನೆಂದು ಪಟ್ಟು ಹಿಡಿದು ಕುಳಿತೆ.

"ಹೇಳು" ಅಂದೆ. "ಒಂದೂರಾಗ ಒಬ್ಬ ಸಾವ್ಕಾರ ಇದ್ದ" ಎಂದು ಶುರು ಮಾಡಿದವಳು ಸಾಹುಕಾರನ ತಲೆಯ ಪಟಕಾದ ಬಣ್ಣ, ತಕ್ಕಡಿಯ ಸರಪಳಿ ಎಲ್ಲ ಹೇಳಿದಳು. ಕೋತಿ ಬರುವ ಹೊತ್ತಿಗೆ ರೊಟ್ಟಿ ಆರಿಹೋಗಿದ್ದವು. "ಇಷ್ಟೆಲ್ಲಾ ಬ್ಯಾಡವ್ವಾ. ಪಟಕಾ ಬಿಡು, ತಕ್ಕಡಿ ಬಿಡು" ಅಂದೆ. ತಕ್ಕಡಿ ಅಂದಕೂಡಲೇ ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬನ ತಕ್ಕಡಿ ಕೋರ್ಟಿಗೆ ಬಂದದ್ದು ನನಗೆ ನೆನಪಾಯಿತು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಹುಡುಗಿ ತೂಕಡಿಸುತ್ತಿದ್ದಳು. ಬಿಡಲಿಲ್ಲ, ಎಬ್ಬಿಸಿದೆ. "ನೋಡವ್ವಾ, ಖುಲಾಸಾ ಅಂದ್ರ ಬಿಡೂದು. ಬಿಡಾಕ ಬಂತಂದ್ರ ನೀ ಗೆದ್ದಂಗ." ಅವಳ ಕಣ್ಣು ಅರಳಿದವು. "ಹಂಗಾರ ತಿಳೀತಪ್ಪಾ!" ಅಂದಳು. ನನ್ನ ಬೋಧನೆಗೆ ನಾನೇ ತಲೆದೂಗಿದೆ.

ಸೋಮವಾರ ಕಚೇರಿ ತಪ್ಪಿಸಿ ಶಾಲೆಯ ಕಿಟಕಿಯ ಹೊರಗೆ ನಿಂತೆ. ಆಯಾ ಎರಡು ಸಲ ದುರುಗುಟ್ಟಿ ನೋಡಿದರೂ ಕದಲಲಿಲ್ಲ. ಸಾಹೇಬರು ಮೃದುವಾಗಿ, "ಬೇಟಿ, ಕಥೀದು ಖುಲಾಸಾ ಹೇಳು" ಅಂದರು. ನೀಲಾ ಎದ್ದುನಿಂತು ಗಟ್ಟಿಯಾಗಿ, "ಕೋತಿ ಖುಲಾಸಾ ಆತ್ರಿ" ಅಂದಳು.

ಎಡವಟ್ಟು ನನಗೆ ಆಗ ಹೊಳೆಯಿತು. ಸಾಹೇಬರ ಉರ್ದುವಿನಲ್ಲಿ ಖುಲಾಸಾ ಎಂದರೆ ಸಾರಾಂಶ. ನಮ್ಮ ಮನೆಯಲ್ಲಿ ಖುಲಾಸಾ ಎಂದರೆ ಕೋರ್ಟು ಆರೋಪಿಯನ್ನು ಬಿಟ್ಟು ಕಳಿಸುವುದು. ನಮ್ಮ ಕಡೆಯ ಆಸಾಮಿ ಖುಲಾಸಾ ಆದ ದಿನ ನಾನು ಜಿಲೇಬಿ ತರುತ್ತಿದ್ದೆ. ಹುಡುಗಿ ಮತ್ತೇನು ತಿಳಿದಾಳು? ಎರಡೂ ಅರ್ಥ ಬಲ್ಲ ನಾನು ಅಷ್ಟೆಲ್ಲ ಮಾತಾಡಿ ಇದೊಂದನ್ನೇ ಹೇಳಿರಲಿಲ್ಲ.

ಸಾಹೇಬರಿಗೂ ಕೋರ್ಟಿನ ಮಾತು ಗೊತ್ತಿತ್ತೇನೋ, ಹುಬ್ಬೇರಿಸಿ, "ಯಾಕ ಬಿಟ್ಟಿ?" ಅಂದರು.

"ಸಾವ್ಕಾರ ಅಂಗಡಿ ಬಾಗಲಾ ತಗದಿಟ್ಟು ಮಲಗಿದ್ದರಿ. ಕೋತಿ ಬಂದು ಬೆಲ್ಲ ಕದ್ದು ತಿಂತು. ಮೈಗೆಲ್ಲಾ ಬೆಲ್ಲ ಅಂಟಿ, ಇರಿವಿ ಮುತ್ತಿ, ಓಡಾಕ ಆಗದ ಸಿಕ್ಕೊಂತು. ಸಾವ್ಕಾರ ಕಂಬಕ್ಕ ಕಟ್ಟಿದ. ಆಸೆಬುರುಕ ಕೋತಿಗೆ ಇರಿವಿ ಕಡದದ್ದ ಸಾಕಷ್ಟು ಶಿಕ್ಷಾ ಆಗೈತ್ರಿ. ಅದಕ್ಕ ಬಿಟ್ಟೀನಿ."

ಸಾಹೇಬರು ಗಡ್ಡ ಅಲುಗುವಂತೆ ನಕ್ಕರು. "ಶಾಬಾಸ್! ಪೂರಾ ಕಥಿ ಇದರಾಗ ಬಂತಲ್ಲ. ಪಾಸ್!" ಅಂದರು.

ಅಪ್ಪ ಮಗಳು ಇಬ್ಬರೂ ಓಡುತ್ತಲೇ ಮನೆಗೆ ಬಂದೆವು. ಅವ್ವ ಹೊಸ್ತಿಲಲ್ಲೇ ನಿಂತು, "ಏನಾತು?" ಅಂದಳು. "ಹೇಳ್ತೀನಿ, ಕುಂದ್ರಬೇ. ಮುಂಜಾನಿ ನಾ ಎದ್ದು ಮೊದಲ ಪಟಕಾ ಸುತ್ತಿಕೊಂಡೆ..." ಎಂದು ನಾನು ತೊಡಗಿದೆ.

"ಪಾಸಾದೆ, ಅಜ್ಜಿ" ಅಂದಳು ನೀಲಾ.

ಅವ್ವ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. "ಅಕಿ ಸಾಲಿಗೆ ಹೋಗ್ಲಿ ಬಿಡು" ಎಂದಳು. "ನಾಳಿಂದ ನೀನೂ ಅಕಿ ಹಿಂದ ಹೋಗು."